ಅಡುಗೆಮನೆ ಬಾಗಿಲಿಗೆ ಬಂದ ದಾರಿ

ವಿನಕ್ ಕಾಲೇಜಿನಲ್ಲಿ ಹೊಸ ಕಟ್ಟಡ ಎದ್ದರೆ ಅದರ ಸುತ್ತ ತಕ್ಷಣ ದಾರಿ ಹಾಕುವ ಪದ್ಧತಿ ಇಲ್ಲ. ಬರೀ ಹುಲ್ಲು ಬಿತ್ತಿ ಸುಮ್ಮನಾಗುತ್ತಾರೆ. ಹುಡುಗ ಹುಡುಗಿಯರು ಊಟಕ್ಕೆ, ಪಾಠಕ್ಕೆ, ಒಬ್ಬರನ್ನೊಬ್ಬರು ಹುಡುಕಿಕೊಂಡು ಓಡಾಡುತ್ತ ಎಲ್ಲೆಲ್ಲಿ ತುಳಿಯುತ್ತಾರೋ ಅಲ್ಲಲ್ಲಿ ಹುಲ್ಲು ಸವೆದು ಮಣ್ಣಿನ ಗೆರೆ ಮೂಡುತ್ತದೆ. ಹಿಮ ಬೀಳುವುದಕ್ಕೆ ಮೊದಲು ಆ ಗೆರೆಗಳ ಮೇಲೆಯೇ ನೀಲಿಗಲ್ಲಿನ ಚಪ್ಪಡಿ ಹಾಸುತ್ತಾರೆ. ಎಲ್ಲಿ ದಾರಿ ಬೇಕು ಎಂಬುದನ್ನು ನಕ್ಷೆ ಬರೆಯುವವರು ತೀರ್ಮಾನಿಸಬಾರದು, ನಡೆಯುವವರು ತೀರ್ಮಾನಿಸಬೇಕು ಎನ್ನುವುದು ಇಲ್ಲಿಯವರ ಮಾತು. ಅದರ ಬಗ್ಗೆ ಅವರಿಗೆ ಸ್ವಲ್ಪ ಹೆಮ್ಮೆಯೂ ಇದೆ.

ಹೋದ ವಸಂತದಲ್ಲಿ ನಮ್ಮ ಹಾಸ್ಟೆಲಿನ ಹಿಂದೆ ಹೊಸ ಲೈಬ್ರರಿ ಮುಗಿಯಿತು. ಮೂರು ಕಡೆ ಗಾಜು, ಒಂದು ಕಡೆ ಇಲ್ಲಿನದೇ ಬೂದುಗಲ್ಲು. ಅದಕ್ಕೆ ಮೊದಲು ಆ ಜಾಗ ಕಾರು ನಿಲ್ಲಿಸುವ ಜಲ್ಲಿಯ ಬಯಲಾಗಿತ್ತು. ಜಲ್ಲಿಯನ್ನೆಲ್ಲ ಬಗೆದು ಸಾಗಿಸಿ, ಕಪ್ಪು ಮಣ್ಣು ಹರಡಿ, ಬೀಚ್ ಎಂಬ ಕಾಡುಮರಗಳ ತೋಪಿನ ತನಕ ಹುಲ್ಲು ಬಿತ್ತಿದರು. ತೋಪಿನ ಆಚೆ ಕಂದರ. ಅದರ ತಳದಲ್ಲಿ ಹೊಳೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೆರೆ ಸೇರುತ್ತದೆ. ನಾವು ಕೆರೆ ಅಂತ ಕರೆದರೂ ಅದರ ಆಚೆ ದಡದಲ್ಲಿ ದೀಪ ಹತ್ತಿದರೆ ಮಾತ್ರ ದಡ ಇದೆ ಎಂದು ಗೊತ್ತಾಗುವಷ್ಟು ದೊಡ್ಡದು.

ನನ್ನ ಗಂಡ ಲೋವೆಲ್ ಇಲ್ಲಿ ಭೂವಿಜ್ಞಾನ ಕಲಿಸುತ್ತಾನೆ. ಪ್ರೆಂಟಿಸ್ ಹಾಲ್ ಎಂಬ ಈ ಹಾಸ್ಟೆಲಿನ ಮೇಲ್ವಿಚಾರಣೆಯೂ ಅವನದೇ. ಹಾಗಾಗಿ ಕೆಳಗಿನ ಅಂತಸ್ತಿನ ಹಿಂಭಾಗದ ಮನೆಯನ್ನು ನಮಗೆ ಕೊಟ್ಟಿದ್ದಾರೆ. ಕಾಲೇಜಿನ ಅತ್ಯಂತ ಹಳೆಯ ಕಟ್ಟಡ ಇದು. ಕಲ್ಲಿನ ಗೋಡೆ, ಕೆಂಪಾಗುತ್ತಿರುವ ಬಳ್ಳಿ, ಸ್ಲೇಟಿನ ಚಾವಣಿ. ನಮ್ಮ ಅಡುಗೆಮನೆಯ ಹಿಂಬಾಗಿಲು ಮಾತ್ರ ಅಡುಗೆಮನೆಗೆ ಹೊಂದುವಂಥದ್ದಲ್ಲ. ಎರಡಾಳು ಎತ್ತರ, ಮೇಲೆ ಕೆತ್ತನೆಯ ಕಮಾನು, ಒಳಗೆ ಬಂದರೆ ಕಲ್ಲು ಹಾಸಿದ ಉದ್ದನೆಯ ಹಜಾರ, ಗೋಡೆಗೆ ಸೇರಿದಂತೆ ಒಂದು ಮರದ ಬೆಂಚು. ನಾನು ಅಲ್ಲಿ ಬಟ್ಟೆ ಒಗೆಯುವ ಮೆಷಿನ್ ಇಟ್ಟುಕೊಂಡಿದ್ದೇನೆ, ಬೂಟುಗಳ ಕೆಸರು ಅಲ್ಲೇ ಉದುರುತ್ತದೆ. ವಿದ್ಯಾರ್ಥಿಗಳೆಲ್ಲ ಇನ್ನೊಂದು ಕಡೆಯ ದೊಡ್ಡ ಬಾಗಿಲಿನಿಂದ ಓಡಾಡುತ್ತಾರೆ. ಹಿಂಬಾಗಿಲು ನಮ್ಮದು. ಅಂದರೆ ನನ್ನದು, ಮಗಳು ಟಿಲ್ಲಿಯದು ಮತ್ತು ನೆಲ ಒರೆಸುವ ಬಟ್ಟೆಯದು.

ಕಾಲೇಜು ಶುರುವಾದ ಮೇಲೆ ಹುಲ್ಲಿನ ಮೇಲೆ ದಾರಿಗಳು ಮೂಡತೊಡಗಿದವು. ಊಟದ ಮನೆಯಿಂದ ಲೈಬ್ರರಿಗೆ ಒಂದು, ಗಂಟೆಗೋಪುರದಿಂದ ಪ್ರಯೋಗಾಲಯಕ್ಕೆ ಓರೆಯಾಗಿ ಒಂದು. ಅಕ್ಟೋಬರ್ ಹೊತ್ತಿಗೆ ಇನ್ನೊಂದು ದಾರಿಯೂ ಸ್ಪಷ್ಟವಾಗಿ ಕಾಣಿಸಿತು. ಅದು ಬೀಚ್ ತೋಪಿನ ನಡುವಿನಿಂದ ಹೊರಟು, ಹುಲ್ಲುಹಾಸನ್ನು ನೇರವಾಗಿ ದಾಟಿ, ನನ್ನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿತ್ತು.

ಕ್ಯಾಂಪಸ್ಸಿನ ಮರ, ಹುಲ್ಲು, ದಾರಿಗಳ ಉಸ್ತುವಾರಿ ಡ್ವೈಟ್ ಬ್ರನೆಲ್ ಅವರದು. ಅವರು ಒಂದು ಬೆಳಿಗ್ಗೆ ಬಂದು ಅದರ ಎರಡೂ ಅಂಚಿಗೆ ಹಳದಿ ಬಾವುಟಗಳನ್ನು ಚುಚ್ಚಿದರು. ನಾನು ಬಾಗಿಲಲ್ಲಿ ನಿಂತು, ಈ ದಾರಿಯಲ್ಲಿ ಯಾರೂ ಬರುವುದೇ ಇಲ್ಲವಲ್ಲ ಎಂದೆ.

"ಯಾರೂ ಬರ್ದೇ ಹುಲ್ಲು ಇಷ್ಟು ಸವೆಯುತ್ತಾ ಹೆಸ್ಟರ್? ನಿಮ್ಮ ಆಪಲ್ ಪೈ ವಾಸನೆ ಹಿಡ್ಕೊಂಡು ಬರ್ತಿರ್ಬೇಕು. ಬಾಗಿಲಲ್ಲಿ ಕೂತು ಟಿಕೆಟ್ ಹರೀರಿ."

ನಾನೂ ನಕ್ಕೆ. ಆದರೆ ನನ್ನ ಪಾತ್ರೆ ತೊಳೆಯುವ ಕಿಟಕಿ ಆ ಹುಲ್ಲುಹಾಸಿನ ಕಡೆಗೇ ಇದೆ. ದಿನದ ಅರ್ಧ ಹೊತ್ತು ನಾನು ಅಲ್ಲೇ ನಿಂತಿರುತ್ತೇನೆ. ಬೇರೆ ದಾರಿಗಳಲ್ಲಿ ಓಡಾಡುವವರ ಮುಖಗಳು ನನಗೆ ಗೊತ್ತಿದ್ದವು. ಈ ದಾರಿಯಲ್ಲಿ ಒಬ್ಬರನ್ನೂ ನಾನು ಕಂಡಿರಲಿಲ್ಲ. ಅಳಿಲುಗಳು ಕೂಡ ಅದರ ಅಂಚಿಗೆ ಬಂದು, ಬಾಲ ಎತ್ತಿ, ಸುತ್ತು ಹಾಕಿಕೊಂಡು ಹೋಗುತ್ತಿದ್ದವು.

ಅಕ್ಟೋಬರ್ ಎಂದರೆ ಇಲ್ಲಿ ನೋಡಲು ಬರುವವರ ಕಾಲ. ಮುಂದಿನ ವರ್ಷ ಕಾಲೇಜು ಸೇರುವ ಮಕ್ಕಳನ್ನು ಕರೆದುಕೊಂಡು ಅಪ್ಪ ಅಮ್ಮಂದಿರು ಬರುತ್ತಾರೆ. ಮೇಪಲ್ ಮರಗಳು ಹೊತ್ತಿ ಉರಿಯುವಂತೆ ಕಾಣುವ ಆ ಎರಡು ವಾರ ಇಡೀ ಕ್ಯಾಂಪಸ್ ಮದುವೆ ಮನೆಯಂತಿರುತ್ತದೆ. ಅವರಿಗೆಲ್ಲ ಕಾಲೇಜು ತೋರಿಸುವವರು ವಿದ್ಯಾರ್ಥಿಗಳೇ. ಅವರು ಹಿಮ್ಮುಖವಾಗಿ ನಡೆಯುತ್ತಾರೆ. ಅತಿಥಿಗಳಿಗೆ ಬೆನ್ನು ತೋರಿಸಬಾರದು, ಮುಖ ನೋಡಿಕೊಂಡೇ ಮಾತಾಡಬೇಕು ಎಂದು ಅವರಿಗೆ ತರಬೇತಿ ಕೊಟ್ಟಿರುತ್ತಾರೆ. ಮೆಟ್ಟಿಲು, ತಿರುವು, ಗುಂಡಿ ಎಲ್ಲ ಬೆನ್ನಿಗೇ ಗೊತ್ತಿರುವ ಹಾಗೆ ಹಿಂದಕ್ಕೆ ಹೆಜ್ಜೆ ಹಾಕುತ್ತ, ಕೈ ಬೀಸಿ ಕಟ್ಟಡಗಳನ್ನು ತೋರಿಸುತ್ತ ಹೋಗುತ್ತಾರೆ.

ಮೇಲಿನ ಅಂತಸ್ತಿನಲ್ಲಿರುವ ಇಮಾನಿ ಎಂಬ ಹುಡುಗಿ ಅಂಥ ಗೈಡ್. ನಾನು ಅಂಗಡಿಗೆ ಹೋದಾಗ ಟಿಲ್ಲಿಯನ್ನು ನೋಡಿಕೊಳ್ಳುವವಳೂ ಅವಳೇ. ಟಿಲ್ಲಿ ಎರಡನೆಯ ತರಗತಿ. ಶಾಲೆ ಮುಗಿದ ಕೂಡಲೇ ಇಮಾನಿಯ ಗುಂಪಿನ ಬಾಲ ಹಿಡಿದು ಸುತ್ತಿ, ಅವಳ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು. ಮನೆಗೆ ಬಂದು ಊಟದ ಮೇಜಿನಿಂದ ಬಚ್ಚಲಿಗೆ ಹಿಮ್ಮುಖವಾಗಿ ನಡೆಯುತ್ತ, "ನಿಮ್ಮ ಎಡಗಡೆ ಕಾಣೋದು ಫ್ರಿಜ್. ಇದನ್ನ ಅಜ್ಜಿ ಕೊಡಿಸಿದ್ದು" ಎನ್ನುತ್ತಿದ್ದಳು. ಒಮ್ಮೆ ಅಪ್ಪನ ಕಾಲಿಗೆ ಎಡವಿ ಬಿದ್ದು, ಬಿದ್ದಲ್ಲಿಂದಲೇ ನಗುಮುಖ ಮಾಡಿಕೊಂಡು, ಇನ್ನು ಪ್ರಶ್ನೆಗಳಿದ್ದರೆ ಕೇಳಬಹುದು ಎಂದಿದ್ದಳು.

ಹುಲ್ಲಿನ ವಿಷಯ ಮೊದಲು ಕಂಡುಹಿಡಿದವಳೂ ಟಿಲ್ಲಿಯೇ. ನಾನು ಹಿಂಬಾಗಿಲ ಹೊರಗೆ ಹಾಸಿಗೆಯ ಹೊದಿಕೆಗಳನ್ನು ಕೊಡವುತ್ತಿದ್ದೆ. ಅವಳು ಆ ದಾರಿಯ ಪಕ್ಕದಲ್ಲಿ ಬೋರಲು ಮಲಗಿ, ಕೆನ್ನೆಯನ್ನು ನೆಲಕ್ಕೆ ಒತ್ತಿ ನೋಡುತ್ತಿದ್ದಳು.

"ಅಮ್ಮ, ಇಲ್ಲಿ ಹುಲ್ಲನ್ನ ಬಾಚಿದಾರೆ."

"ಯಾರು ಬಾಚಿದ್ದು?"

"ಗೊತ್ತಿಲ್ಲ. ಆ ಕಡೆಯಿಂದ ಈ ಕಡೆಗೆ ಬಾಚಿದಾರೆ. ಎಲ್ಲಾ ನಮ್ಮ ಮನೆ ಕಡೆಗೆ."

ನಾನು ಮಂಡಿಯೂರಿ ನೋಡಿದೆ. ಬೇರೆ ದಾರಿಗಳ ಅಂಚಿನಲ್ಲಿ ಹುಲ್ಲು ಹೇಗೆ ಬೇಕೋ ಹಾಗೆ ಬಿದ್ದಿರುತ್ತದೆ. ಹೋಗುವವರೂ ಬರುವವರೂ ತುಳಿದು ಸಿಕ್ಕುಸಿಕ್ಕಾಗಿರುತ್ತದೆ. ಇಲ್ಲಿ ಒಂದೊಂದು ಎಸಳೂ ಒಂದೇ ದಿಕ್ಕಿಗೆ ಮಲಗಿತ್ತು. ತುದಿಗಳೆಲ್ಲ ನನ್ನ ಬಾಗಿಲಿನ ಕಡೆಗೆ. ನಾವೆಲ್ಲ ಇದನ್ನು ಮನೆಯಿಂದ ಕಂದರಕ್ಕೆ ಹೋಗುವ ದಾರಿ ಎಂದುಕೊಂಡಿದ್ದೆವು. ಅದು ಕಂದರದಿಂದ ಮನೆಗೆ ಬರುವ ದಾರಿಯಾಗಿತ್ತು. ಬಂದದ್ದು ಯಾವುದೂ ಹಿಂದಿರುಗಿ ಹೋಗಿರಲಿಲ್ಲ.

ನಾನು ಹೊದಿಕೆಗಳನ್ನು ಅಪ್ಪಿಕೊಂಡು ಟಿಲ್ಲಿಯನ್ನು ಒಳಗೆ ಕರೆದೆ.

ಸಂಜೆ ಲೋವೆಲ್‌ಗೆ ಹೇಳಿದೆ. ನನ್ನ ಮಾತನ್ನು ತಳ್ಳಿಹಾಕುವವನಲ್ಲ ಅವನು. ಹೊರಗೆ ಹೋಗಿ, ಟಿಲ್ಲಿ ಮಲಗಿದ ಹಾಗೆಯೇ ಮಲಗಿ ನೋಡಿ, ಒಂದು ಕೆನ್ನೆಗೆ ಇಬ್ಬನಿ ಮೆತ್ತಿಕೊಂಡು ಒಳಗೆ ಬಂದ. ಕಂದರದಿಂದ ಗಾಳಿ ಬೀಸುತ್ತದಲ್ಲ, ಅದಕ್ಕೇ ಇರಬೇಕು ಎಂದ.

"ಗಾಳಿ ಅಷ್ಟಗಲ ಪಟ್ಟೀಲಿ ಮಾತ್ರ ಬೀಸುತ್ತಾ ಲೋವೆಲ್?"

ಅವನು ಕೆನ್ನೆ ಒರೆಸಿಕೊಂಡ.

ಅಲ್ಲಿಂದ ಮುಂದೆ ಹಜಾರ ನನಗೆ ಬೇರೆ ಥರ ಕಾಣತೊಡಗಿತು. ಅಥವಾ ಅದು ಮೊದಲಿನಿಂದಲೂ ಹಾಗೇ ಇತ್ತು, ನಾನು ಗಮನಿಸಿರಲಿಲ್ಲ. ಬೆಂಚಿನ ಮೇಲೆ ಇಟ್ಟ ಒಣ ಬಟ್ಟೆ ಬೆಳಗಾಗುವಷ್ಟರಲ್ಲಿ ತೇವ ಎಳೆದುಕೊಂಡಿರುತ್ತಿತ್ತು. ನೆನೆದ ಉಣ್ಣೆಯ ವಾಸನೆ, ಅದರ ಅಡಿಯಲ್ಲಿ ಕೆರೆಯ ವಾಸನೆ. ಗುರುತಿಲ್ಲದವರ ಮನೆಗೆ ಬಂದ ಅತಿಥಿಗಳು ಕೈ ಕಟ್ಟಿಕೊಂಡು, ಗಂಟಲು ಸರಿಮಾಡಲೂ ಸಂಕೋಚಪಟ್ಟುಕೊಂಡು ಕೂತಿರುತ್ತಾರಲ್ಲ, ಅಂಥ ಮೌನ ಅಲ್ಲಿ ತುಂಬಿಕೊಂಡಿತ್ತು. ಒಂದು ಮಧ್ಯಾಹ್ನ ಬಟ್ಟೆಯ ಬುಟ್ಟಿ ಹೊತ್ತು ಹೋಗುವಾಗ ನಾನು, "ಸ್ವಲ್ಪ ಜರುಗಿ" ಎಂದುಬಿಟ್ಟೆ. ಹೇಳಿದ ಮೇಲೆ ನಿಂತುಬಿಟ್ಟೆ. ಹಜಾರದಲ್ಲಿ ಯಾರೂ ಇರಲಿಲ್ಲ. ಆದರೆ ನನಗೆ ದಾರಿ ಬಿಟ್ಟ ಹಾಗಾಯಿತು.

ಟಿಲ್ಲಿಗೆ ಭಯವಿರಲಿಲ್ಲ. ನನಗೆ ಭಯವಾದದ್ದೇ ಅದಕ್ಕೆ. ಅವಳ ಜಡೆ ಹಾಕುತ್ತ, ಆ ಬೆಂಚಿನ ಮೇಲೆ ಯಾರಾದರೂ ಇದ್ದಾರೆಯೇ ಎಂದು ಮೆಲ್ಲಗೆ ಕೇಳಿದೆ. ನನ್ನ ಮಗಳು ಸುಳ್ಳು ಹೇಳುವಾಗ ತುಟಿ ಒಳಗೆಳೆದುಕೊಳ್ಳುತ್ತಾಳೆ. ಆಗ ಎಳೆದುಕೊಳ್ಳಲಿಲ್ಲ.

"ಕಾಲೇಜು ನೋಡೋಕೆ ಬಂದವರು. ಅಪ್ಪಂದಿರು, ಅಮ್ಮಂದಿರು, ಹುಡುಗಿಯರು. ಯಾರಾದ್ರೂ ಬಂದು ತೋರಿಸ್ತಾರೆ ಅಂತ ಕಾಯ್ತಿದಾರೆ ಅಮ್ಮ. ಯಾರೂ ಬರ್ತಾನೇ ಇಲ್ಲ. ಪಾಪ, ಅವರಿಗೆ ಸುಸ್ತಾಗಿದೆ."

"ತೋರಿಸಿದ್ರೆ?"

"ತೋರಿಸಿದ್ರೆ ಮನೆಗೆ ಹೋಗ್ತಾರೆ. ಬಂದ ದಾರೀಲೇ." ಅವಳು ಕಿಟಕಿಯಾಚೆ ತೋಪಿನ ಕಡೆ ಕೈ ತೋರಿಸಿದಳು. "ನಾನು ತೋರಿಸ್ತೀನಿ. ನನಗೆಲ್ಲಾ ಗೊತ್ತು."

ನನ್ನ ಕೈಯಲ್ಲಿದ್ದ ಜಡೆ ಬಿಚ್ಚಿಹೋಯಿತು. ತೋಪಿನ ಆಚೆ ಎರಡು ಅಡ್ಡಮರದ ಹಳೆಯ ಬೇಲಿ ಬಿಟ್ಟರೆ ಏನೂ ಇಲ್ಲ. ಅದರಾಚೆ ಬಂಡೆ ಅಂಚು, ಆಮೇಲೆ ಬರೀ ಹೊಳೆಯ ಸದ್ದು. ನನ್ನ ಮಗಳು ಬೆನ್ನು ಮುಂದೆ ಮಾಡಿಕೊಂಡು ಅಲ್ಲಿಗೆ ನಡೆಯುವುದನ್ನು ನಾನು ಕಣ್ಣಾರೆ ಕಂಡಂತಾಯಿತು. ಒಬ್ಬಳೇ ತೋಪಿನ ಕಡೆ ಹೋಗಕೂಡದು ಎಂದು ಅವಳಿಂದ ಮಾತು ತೆಗೆದುಕೊಂಡೆ. ಹಿಂಬಾಗಿಲಿನ ಮೇಲಿನ ಅಗುಳಿ ಅವಳಿಗೆ ಎಟುಕುವುದಿಲ್ಲ. ಅದನ್ನು ಅಂದಿನಿಂದ ಹಾಕಿಯೇ ಇಟ್ಟೆ.

ಮಾರನೆಯ ದಿನ ಡ್ವೈಟ್ ಅವರ ಶೆಡ್ಡಿಗೆ ಹೋದೆ. ಅಲ್ಲಿ ಮೊದಲು ಏನಿತ್ತು ಎಂದು ಕೇಳಿದೆ. ಅವರು ಕುಂಟೆಯ ಹಲ್ಲಿಗೆ ಎಣ್ಣೆ ಹಾಕುತ್ತಿದ್ದವರು ಕೈ ನಿಲ್ಲಿಸಿದರು. ಕಂದರಕ್ಕೆ ಸೇತುವೆ ಕಟ್ಟುವ ಮೊದಲು, ಅವರ ತಾತನ ಕಾಲಕ್ಕೂ ಹಿಂದೆ, ಇದು ಬರೀ ಹೆಣ್ಣುಮಕ್ಕಳ ಕಾಲೇಜಾಗಿದ್ದಾಗ, ಜನ ಕೆರೆಯಲ್ಲಿ ಉಗಿದೋಣಿ ಹಿಡಿದು ಬರುತ್ತಿದ್ದರಂತೆ. ದಡದಿಂದ ಕಂದರದ ಪಕ್ಕೆಯಲ್ಲೇ ಕುದುರೆ ಗಾಡಿಯ ರಸ್ತೆ ಹತ್ತಿ ಮೇಲೆ ಬರುತ್ತಿತ್ತು. ಪ್ರೆಂಟಿಸ್ ಹಾಲಿನ ಮುಂಬಾಗಿಲು ಆಗ ಆ ಕಡೆಗೇ ಇತ್ತು.

"ಈಗ ನಿಮ್ಮ ಅಡುಗೆಮನೆ ಬಾಗಿಲಿದೆಯಲ್ಲ, ಅದೇ."

ಆ ರಸ್ತೆ ಏನಾಯಿತು ಎಂದು ಕೇಳಿದೆ. ಒಂದು ವರ್ಷ, ಕಾಲೇಜು ತೆರೆಯುವ ದಿನವೇ, ಮಳೆಗೆ ನೆನೆದಿದ್ದ ಬಂಡೆಯ ಪದರ ಕಳಚಿ ರಸ್ತೆಯ ಸಮೇತ ಕೆಳಗೆ ಹೋಯಿತಂತೆ.

"ರಸ್ತೇಲಿ ಜನ ಇದ್ರಾ?"

"ತೆರೆಯೋ ದಿನ ಅಲ್ವಾ," ಎಂದರು ಡ್ವೈಟ್. ಮತ್ತೆ ಕುಂಟೆಗೆ ಕೈ ಹಾಕಿ, "ಅದನ್ನ ಯಾಕೆ ಕೆದಕ್ತೀರ. ಅದರ ಮೇಲೆ ಎಷ್ಟೋ ಕಾಲದಿಂದ ಜಲ್ಲಿ ಬಿದ್ದಿತ್ತು," ಎಂದರು.

ಜಲ್ಲಿಯ ಮೇಲೆ ಹೆಜ್ಜೆ ಮೂಡುವುದಿಲ್ಲ. ರಸ್ತೆಯ ಜೊತೆ ಹೋದವರು ಆ ಕಾಲದಿಂದಲೂ ಬರುತ್ತಲೇ ಇದ್ದಿರಬೇಕು. ಈ ವರ್ಷ ಹುಲ್ಲು ಬಿತ್ತಿದ್ದರಿಂದ ಗೊತ್ತಾಯಿತು, ಅಷ್ಟೆ.

ಬೇಲಿ ಎತ್ತರಿಸಿ ಎಂದು ಡ್ವೈಟ್ ಅವರನ್ನು ಕೇಳಿದೆ. ಮರ ಬರಬೇಕು, ವಸಂತದಲ್ಲಿ ಮಾಡೋಣ ಎಂದರು. ಆ ದಾರಿಗೆ ಕಲ್ಲು ಹಾಕಬೇಡಿ ಎಂದು ಲೋವೆಲ್ ಕೈಯಲ್ಲಿ ಕಾಲೇಜಿನ ಅಧ್ಯಕ್ಷೆಗೆ ಹೇಳಿಸಿದೆ. ಆಕೆ ತೋಪಿನ ಹಳದಿ ಎಲೆಗಳ ನಡುವಿನಿಂದ ಹೊರಬಂದು ಹಳೆಯ ಕಮಾನಿನಲ್ಲಿ ಮುಗಿಯುವ ಆ ದಾರಿಯನ್ನು ನೋಡಿ ಮನಸೋತಿದ್ದರಂತೆ. ಎಲ್ಲಕ್ಕಿಂತ ಚೆಂದದ ದಾರಿ ಇದೇ, ಮುಂದಿನ ವರ್ಷದ ಕೈಪಿಡಿಯ ಮುಖಚಿತ್ರಕ್ಕೆ ಇದನ್ನೇ ತೆಗೆಸೋಣ ಎಂದರಂತೆ. ನಡೆಯುವವರು ತೀರ್ಮಾನಿಸಿಯಾಗಿದೆ, ನಾವು ಯಾರು ಬೇಡ ಎನ್ನಲು ಎಂದೂ ಅಂದರಂತೆ. ಲೋವೆಲ್ ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಈ ವರ್ಷದ ಪಾಠಗಳು ಮುಗಿದ ಮೇಲೆ ಪೇಟೆಯಲ್ಲಿ ಬೇರೆ ಮನೆ ನೋಡೋಣ ಎಂದ. ಸರಿ ಎಂದೆ. ಆ ವರ್ಷ ಇನ್ನೂ ಮುಕ್ಕಾಲು ಪಾಲು ಉಳಿದಿತ್ತು.

ಕಲ್ಲು ಹಾಕುವವರು ಬಂದರು. ಚಪ್ಪಡಿಗಳನ್ನು ಒಂದೊಂದಾಗಿ ಕೂರಿಸುತ್ತ ತೋಪಿನಿಂದ ನನ್ನ ಹೊಸ್ತಿಲ ತನಕ ಬಂದರು. ಕೊನೆಯ ದಿನ ನೀರು ಬೇಕೆಂದು ಹಜಾರದ ನಲ್ಲಿಗೆ ರಬ್ಬರ್ ಪೈಪು ಸಿಕ್ಕಿಸಿಕೊಂಡಿದ್ದರು. ಕೆಲಸ ಮುಗಿಸಿ, ಪೈಪು ಸುತ್ತಿಕೊಂಡು, ಕೈ ಬೀಸಿ ಹೊರಟರು. ನಾನು ಒಲೆಯ ಮೇಲೆ ಕುಂಬಳದ ಸೂಪು ಇಟ್ಟಿದ್ದೆ. ಶಾಲೆಯಿಂದ ಬಂದ ಟಿಲ್ಲಿ ಮೇಜಿನ ಬಳಿ ಕೂತು ಬಣ್ಣ ಹಚ್ಚುತ್ತಿದ್ದಳು. ಕಿಟಕಿಯ ಆಚೆ ಕಂದರದಿಂದ ಮಂಜು ಮೇಲೆದ್ದು, ಮೊದಲು ತೋಪನ್ನು, ಆಮೇಲೆ ಲೈಬ್ರರಿಯ ಗಾಜನ್ನು ಒರೆಸಿಹಾಕಿತು. ಸೂಪಿಗೆ ಉಪ್ಪು ನೋಡಿ ತಿರುಗಿದಾಗ ಕುರ್ಚಿ ಖಾಲಿಯಿತ್ತು. ಬಣ್ಣದ ಕಡ್ಡಿ ಮೇಜಿನ ಮೇಲೆ ಇನ್ನೂ ಉರುಳುತ್ತಿತ್ತು.

ಹಜಾರದ ಬಾಗಿಲು ತೆರೆದಿತ್ತು. ಕಲ್ಲು ಹಾಕುವವರು ಹೋದ ಮೇಲೆ ಅಗುಳಿ ಹಾಕುವುದನ್ನು ಮರೆತಿದ್ದೆ. ಬೆಂಚಿನ ಕಡೆ ಕಣ್ಣು ಹೋಯಿತು. ಅಷ್ಟು ದಿನಗಳಿಂದ ಅಲ್ಲಿ ತುಂಬಿಕೊಂಡಿದ್ದ ಮೌನ ಈಗ ಇರಲಿಲ್ಲ. ಬೆಂಚು ಬರೀ ಬೆಂಚಾಗಿತ್ತು.

ಮಂಜಿನಲ್ಲಿ ಅವಳ ಸ್ವರ ಕೇಳಿಸಿತು. ಗಟ್ಟಿಯಾದ, ನಗುನಗುತ್ತ ಹೇಳುವ ಗೈಡಿನ ಸ್ವರ.

"ನಿಮ್ಮ ಎಡಗಡೆ ಇರೋದು ಗಂಟೆಗೋಪುರ. ಈಗ ಕಾಣಲ್ಲ. ಅದರ ಕೆಳಗೆ ನಿಂತು ಫೋಟೊ ತೆಗೆಸ್ಕೊಂಡ್ರೆ ಫೇಲಾಗ್ತಾರೆ ಅಂತ ಹೇಳ್ತಾರೆ. ಅದು ಸುಳ್ಳು. ಆದ್ರೂ ಯಾರೂ ನಿಲ್ಲಲ್ಲ."

ಹೊಸ ಕಲ್ಲಿನ ಮೇಲೆ ಓಡಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಓಡಲು ಆಗಲಿಲ್ಲ. ಚರ್ಚಿನಿಂದ ಜನ ಹೊರಬರುವಾಗ ಹಿಂದಿನಿಂದ ನುಗ್ಗಲು ಆಗುವುದಿಲ್ಲವಲ್ಲ, ಹಾಗೆ. ಎದುರಿಗೆ ಏನೂ ಕಾಣದು, ಆದರೆ ತಣ್ಣನೆಯ ಒತ್ತು ಎದೆಗೂ ಭುಜಕ್ಕೂ ತಾಗುತ್ತಿತ್ತು. ಎಲ್ಲರೂ ನಿಧಾನವಾಗಿ, ಗಮನಕೊಟ್ಟು ಮುಂದಕ್ಕೆ ನಡೆಯುತ್ತಿದ್ದರು. ಅವರ ಆಚೆ ಬೀಚ್ ಮರಗಳ ನಯವಾದ ಬೂದು ಕಾಂಡಗಳ ನಡುವೆ ನನ್ನ ಮಗಳ ಕೆಂಪು ಸ್ವೆಟರ್ ಕಂಡಿತು. ಮುಖ ನಮ್ಮ ಕಡೆಗಿತ್ತು. ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತಿದ್ದಳು. ಅವಳ ಬೆನ್ನ ಹಿಂದೆ ಹೊಳೆಯ ಸದ್ದು ದೊಡ್ಡದಾಗುತ್ತಿತ್ತು.

ಕೂಗಿದರೆ ಬೆಚ್ಚಿ ಹಿಂದಕ್ಕೆ ಸರಿಯುತ್ತಾಳೆ. ಮುಂದೆ ನುಗ್ಗಲು ಇವರು ಬಿಡುತ್ತಿಲ್ಲ. ನಾನು ಆಗ ಗುಂಪಿನ ಕೊನೆಯಲ್ಲಿರುವ ಯಾವ ತಾಯಿಯಾದರೂ ಮಾಡುವುದನ್ನೇ ಮಾಡಿದೆ. ಕೈ ಎತ್ತಿದೆ.

"ಒಂದು ಪ್ರಶ್ನೆ ಇತ್ತು," ಎಂದೆ.

ಪ್ರಶ್ನೆ ಬಂದರೆ ಗೈಡ್ ನಿಲ್ಲಬೇಕು. ಟಿಲ್ಲಿ ನಿಂತಳು. ಗುಂಪೂ ನಿಂತಿತು.

"ಕೇಳಿ ಮೇಡಂ."

"ಇಲ್ಲಿ ಊಟ ಹೇಗಿರುತ್ತೆ?"

"ಊಟ ಚೆನ್ನಾಗಿರುತ್ತೆ. ಮಂಗಳವಾರ ಪ್ಯಾನ್‌ಕೇಕ್ ಕೊಡ್ತಾರೆ. ಮೀನು ಮಾತ್ರ ತಿನ್ನಬೇಡಿ."

ಅವಳು ಹೇಳುತ್ತಿರುವಾಗ ನಾನು ಕ್ಷಮಿಸಿ, ಕ್ಷಮಿಸಿ ಎನ್ನುತ್ತ ಪಕ್ಕಕ್ಕೆ ಸರಿದು ಮುಂದೆ ಬಂದೆ. ನಿಂತವರ ನಡುವೆ ದಾರಿ ಮಾಡಿಕೊಳ್ಳಬಹುದಿತ್ತು. ಅವಳು ಕಾಲೆತ್ತುವಷ್ಟರಲ್ಲಿ, ಚಳಿಗಾಲದಲ್ಲಿ ರೂಮು ಬೆಚ್ಚಗಿರುತ್ತದೆಯೇ ಎಂದು ಕೇಳಿದೆ. ಹೀಟರ್ ಪೈಪು ಬಡಿದುಕೊಳ್ಳುತ್ತದೆ, ಆದರೆ ರೂಢಿಯಾಗುತ್ತದೆ ಎಂದಳು. ಲೈಬ್ರರಿ ಎಷ್ಟು ಹೊತ್ತಿನ ತನಕ ತೆರೆದಿರುತ್ತದೆ, ಬಟ್ಟೆ ಒಗೆಯುವುದು ಎಲ್ಲಿ ಎಂದೆಲ್ಲ ಕೇಳಿದೆ. ಒಂದೊಂದು ಉತ್ತರಕ್ಕೂ ಒಂದಷ್ಟು ಹತ್ತಿರವಾದೆ. ಈಗ ಅವಳ ಬೂಟಿನ ಹಿಂದೆ ಬೇಲಿಯ ಅಡ್ಡಮರ ಕಾಣುತ್ತಿತ್ತು. ಅವಳ ಗಾತ್ರದ ಮಗು ಅದರಡಿಯಿಂದ ಸುಲಭವಾಗಿ ನುಸುಳಬಹುದು. ಇನ್ನೇನು ಕೇಳುವುದು ಎಂದು ತೋಚದೆ, ಬಾಯಿಗೆ ಬಂದದ್ದನ್ನು ಕೇಳಿದೆ.

"ಮಕ್ಕಳನ್ನ ಇಲ್ಲಿ ಬಿಟ್ಟು ಹೋದ್ರೆ, ಅವರನ್ನ ಯಾರು ನೋಡ್ಕೋತಾರೆ?"

ನನ್ನ ಸುತ್ತ ಎಲ್ಲವೂ ನಿಶ್ಚಲವಾಯಿತು. ಹೊಳೆಯ ಸದ್ದು ಕೂಡ ಹಿಂದೆ ಸರಿದಂತಾಯಿತು. ಅವರೆಲ್ಲ ಅಷ್ಟು ಕಾಲದಿಂದ ಹತ್ತಿ ಹತ್ತಿ ಬರುತ್ತಿದ್ದದ್ದು ಈ ಒಂದು ಪ್ರಶ್ನೆಗೇ ಇರಬೇಕು. ಟಿಲ್ಲಿ ಯೋಚಿಸಿದಳು. ಇಮಾನಿ ಇದಕ್ಕೆ ಉತ್ತರ ಕಲಿಸಿರಲಿಲ್ಲ.

"ನಮ್ಮಮ್ಮ ನೋಡ್ಕೋತಾಳೆ," ಎಂದಳು.

ಅಷ್ಟರಲ್ಲಿ ನಾನು ಅವಳ ತೋಳು ಹಿಡಿದಿದ್ದೆ. ಎಳೆದು ನನ್ನ ಹೊಟ್ಟೆಗೆ ಒತ್ತಿಕೊಂಡೆ. ಅವಳ ಕೂದಲು ಮಂಜಿನಿಂದ ಒದ್ದೆಯಾಗಿತ್ತು, ಎದೆ ಬಡಿದುಕೊಳ್ಳುವುದು ನನ್ನ ಕೈಗೆ ತಿಳಿಯುತ್ತಿತ್ತು. ನಮ್ಮ ಎರಡೂ ಪಕ್ಕದಿಂದ ತಣ್ಣನೆಯದು ಸರಿದುಹೋಗತೊಡಗಿತು. ಒಬ್ಬರಾದ ಮೇಲೆ ಒಬ್ಬರು, ಅವಸರವಿಲ್ಲದೆ, ಬೇಲಿಯ ಕಡೆಗೆ. ಅಡ್ಡಮರದ ಮೇಲಿನ ಒಣ ಎಲೆ ಕೂಡ ಅಲುಗಲಿಲ್ಲ. ನಾನು ಕಣ್ಣು ಮುಚ್ಚಿಕೊಂಡಿದ್ದೆ.

"ಅಮ್ಮ," ಎಂದಳು ಟಿಲ್ಲಿ. "ದೊಡ್ಡವರು ಮಾತ್ರ ಹೋಗ್ತಿದಾರೆ. ಹುಡುಗಿಯರು ನಿಂತೇ ಇದಾರೆ. ನಿನ್ನೇ ನೋಡ್ತಿದಾರೆ."

ಟಿಲ್ಲಿ ಕೊಟ್ಟ ಮಾತು ನಂಬಿ ಅಪ್ಪ ಅಮ್ಮಂದಿರು ನಿಶ್ಚಿಂತೆಯಿಂದ ಹೊರಟಿದ್ದರು. ಮಕ್ಕಳನ್ನು ಕಾಲೇಜಿಗೆ ಬಿಟ್ಟು ಎಲ್ಲ ಅಪ್ಪ ಅಮ್ಮಂದಿರು ಹೋಗುವ ಹಾಗೆ.

ನನಗೆ ಆ ಕ್ಷಣ ನನ್ನ ಮನೆಯ ಹಜಾರ, ಬೆಂಚು, ಬೆಂಚಿನಿಂದ ಸ್ವಲ್ಪವೇ ದೂರದಲ್ಲಿರುವ ಟಿಲ್ಲಿಯ ಮಂಚ ನೆನಪಾದವು. ಕಂದರದ ಕಡೆ ತಿರುಗಿ, ಮೈದಾನದಲ್ಲಿ ಮಕ್ಕಳನ್ನು ಮರೆತು ಹೊರಟ ತಾಯಂದಿರನ್ನು ಕರೆಯುವಂತೆ ಕರೆದೆ.

"ನಿಮ್ಮ ಮಕ್ಕಳು ಇಲ್ಲೇ ಉಳಿದಿದಾರೆ. ಬನ್ನಿ, ಕರ್ಕೊಂಡು ಹೋಗಿ. ಇಲ್ಲಿ ಜಾಗ ಇಲ್ಲ."

ಸ್ವಲ್ಪ ಹೊತ್ತಿಗೆ ಮಂಜು ಕೆಳಗಿನಿಂದ ಒತ್ತಿ ಮೇಲೆ ಬಂತು. ಹೋಗಿದ್ದ ಚಳಿ ತಿರುಗಿ ಬಂತು. ಅದು ನನ್ನ ಮುಖಕ್ಕೆ ತೀರ ಹತ್ತಿರ ನಿಂತು ನನ್ನನ್ನು ನೋಡಿದಂತಾಯಿತು. ನನಗೆ ಹೇಳಲು ತೋಚಿದ್ದು ಒಂದೇ ಮಾತು.

"ಇಳಿಜಾರಿದೆ. ಕೈ ಬಿಡಬೇಡಿ."

ಟಿಲ್ಲಿ ಪಿಸುಮಾತಿನಲ್ಲಿ ಹೇಳುತ್ತ ಹೋದಳು. ಒಬ್ಬರ ಅಪ್ಪ ಬಂದರು. ಒಬ್ಬಳ ಅಮ್ಮ ಅವಳ ಟೋಪಿಯ ದಾರ ಕಟ್ಟುತ್ತಿದ್ದಾಳೆ. ಇಬ್ಬರು ಅಕ್ಕತಂಗಿಯರು ನಗುತ್ತಿದ್ದಾರೆ, ಅವರಿಗೆ ಕಾಲೇಜು ಇಷ್ಟವಿರಲಿಲ್ಲವಂತೆ. ಆಮೇಲೆ ಅವಳೂ ಸುಮ್ಮನಾದಳು. ಹೊಳೆಯ ಸದ್ದು ಮೊದಲಿನ ಹಾಗೆ ಕೇಳಿಸತೊಡಗಿತು. ಎಲ್ಲೋ ಮರದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಎಲ್ಲರೂ ಹೋದ್ರಾ ಪುಟ್ಟಿ?"

ಅವಳು ನನ್ನ ತೋಳಿನ ಸಂದಿಯಿಂದ ಇಣುಕಿ ನೋಡಿದಳು.

"ಒಬ್ಬಳಿದಾಳೆ. ಚಿಕ್ಕವಳು. ಅಕ್ಕನ್ನ ಬಿಡೋಕೆ ಬಂದಿದ್ದಂತೆ. ಅವಳನ್ನ ಕರೆಯೋಕೆ ಯಾರೂ ಬರ್ಲಿಲ್ಲ."

ನಾನು ಇನ್ನೊಮ್ಮೆ ಕರೆದೆ. ಮತ್ತೂ ಒಮ್ಮೆ ಕರೆದೆ. ಸ್ವರ ಕ್ಷೀಣವಾಗಿ ಹೋಯಿತೇ ಹೊರತು ಯಾರೂ ಬರಲಿಲ್ಲ. ಆ ಗುಂಪಿನಲ್ಲಿ ಯಾರು ಯಾರವರೋ, ಯಾರ ಲೆಕ್ಕಕ್ಕೆ ಯಾರು ತಪ್ಪಿದ್ದರೋ. ಕತ್ತಲಾಗುತ್ತ ಬಂದಿತ್ತು.

"ಒಬ್ಬಳೇ ಹೋಗೋಕೆ ಅವಳಿಗೆ ಹೆದರಿಕೆ ಅಂತೆ ಅಮ್ಮ," ಎಂದಳು ನನ್ನ ಮಗಳು. ನನ್ನ ಹಿಡಿತದಿಂದ ಮೆತ್ತಗೆ ಬಿಡಿಸಿಕೊಳ್ಳಲು ನೋಡುತ್ತಿದ್ದಳು. ಅವಳು ತುಟಿ ಒಳಗೆಳೆದುಕೊಂಡಿರಲಿಲ್ಲ. "ನಾನು ಹೋಗಿ ಬಿಟ್ಟು ಬರ್ತೀನಿ. ಕೆಳಗಿನ ತನಕ ಅಷ್ಟೆ. ಈಗ್ಲೇ ಬಂದ್ಬಿಡ್ತೀನಿ."

ಅವಳು ಹೋಗುತ್ತಾಳೆ. ಇವತ್ತು ನಾನು ಹಿಡಿದಿಟ್ಟರೆ ನಾಳೆ ಹೋಗುತ್ತಾಳೆ, ನಾನು ಕಿಟಕಿಯಿಂದ ಕಣ್ಣು ತೆಗೆದ ಯಾವುದೋ ಒಂದು ಗಳಿಗೆಯಲ್ಲಿ. ಹೆದರಿದ ಮಗುವನ್ನು ಒಂಟಿಯಾಗಿ ಬಿಟ್ಟು ಬರಬಾರದು ಎಂದು ಅವಳಿಗೆ ಕಲಿಸಿದವಳು ನಾನೇ.

ನಾನು ಬಲಗೈಯಲ್ಲಿ ಟಿಲ್ಲಿಯನ್ನು ಹಿಡಿದುಕೊಂಡೆ. ಎಡಗೈಯನ್ನು ಕೆಳಗೆ ಚಾಚಿ, ಬೆರಳು ಬಿಡಿಸಿ ಹಿಡಿದೆ.

"ಬಾಮ್ಮ," ಎಂದೆ. "ಚಳಿ ಇದೆ. ಒಳಗೆ ಹೋಗೋಣ."

ಹಿಮದ ನೀರಿನಲ್ಲಿ ಅದ್ದಿದಂತೆ ಎರಡು ಬೆರಳು ಮರಗಟ್ಟಿದವು. ಬರೀ ಎರಡು. ಅಷ್ಟೇ ಹಿಡಿಯಲು ಆಗುವ ಕೈ ಅದು.

ಚಿಕ್ಕ ಹೆಜ್ಜೆಗಳಿಗೆ ಹೊಂದಿಕೊಂಡು ನಿಧಾನವಾಗಿ ನಡೆದೆವು. ಹೊಸ ಕಲ್ಲಿನ ಮೇಲೆ ನನ್ನ ಬೂಟಿನ ಸದ್ದು, ಟಿಲ್ಲಿಯ ಬೂಟಿನ ಸದ್ದು. ಲೈಬ್ರರಿಯಲ್ಲಿ ದೀಪ ಹತ್ತಿ ಮಂಜಿನಲ್ಲಿ ಹಳದಿಯಾಗಿ ಹರಡಿತ್ತು. ಯಾರೋ ಹುಡುಗರು ನಗುತ್ತ ಊಟಕ್ಕೆ ಹೊರಟಿದ್ದರು. ಒಬ್ಬ ನನಗೆ ಕೈ ಬೀಸಿದ. ನನ್ನ ಎರಡು ಕೈಯೂ ಖಾಲಿ ಇರಲಿಲ್ಲ, ತಲೆ ಆಡಿಸಿದೆ.

ಲೋವೆಲ್ ಬಂದಿದ್ದ. ಹಿಂಬಾಗಿಲಲ್ಲಿ ನಿಂತು ನಮ್ಮನ್ನೇ ಕಾಯುತ್ತಿದ್ದ. ಸೂಪು ಹತ್ತಿಹೋಗಿತ್ತು, ಒಲೆ ಆರಿಸಿದೆ ಎಂದ. ನಾಳೆ ಬೆಳಿಗ್ಗೆಯೇ ಬೇಲಿ ಎತ್ತರಿಸಲು ಡ್ವೈಟ್‌ಗೆ ಹೇಳು, ಮರ ಇಲ್ಲದಿದ್ದರೆ ತಂತಿಯಾದರೂ ಕಟ್ಟಲಿ ಎಂದೆ. ಅವನು ಆಗಲೇ ಫೋನು ತೆಗೆದುಕೊಂಡ.

ಟಿಲ್ಲಿ ಒಳಗೆ ಓಡಿದಳು. ನಾನು ಹೊಸ್ತಿಲಲ್ಲಿ ಒಂದು ಕ್ಷಣ ಬಾಗಿಲನ್ನು ಹಿಡಿದು ನಿಂತೆ. ಹೊಸಬರ ಮನೆಯೊಳಗೆ ಕಾಲಿಡಲು ಮಕ್ಕಳಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ಆಮೇಲೆ ಅಗುಳಿ ಹಾಕಿ, ಒಣಗಿದ ಟವೆಲ್ಲೊಂದನ್ನು ಬುಟ್ಟಿಯಿಂದ ತೆಗೆದು, ಬೆಂಚಿನ ಮೇಲೆ ಹಾಸಿದೆ.